ಆರರ ಗೂಡಿನಲ್ಲಿ ಏಳು

“ತಲೆ ಅಲ್ಲಾಡಿಸ್ಬೇಡಿ ಮೇಷ್ಟ್ರೇ, ಟೆಸ್ಟ್ ಫ್ರೇಮು ಮೂಗಿನ ಮೇಲಿಂದ ಜಾರಿಬೀಳುತ್ತೆ!” ಎಂದಳು ಅಮ್ಮ.

ಮೇಷ್ಟ್ರ ತಲೆ ಅಲ್ಲಾಡುತ್ತಿರಲಿಲ್ಲ. ಅಲ್ಲಾಡುತ್ತಿದ್ದದ್ದು ಬಾಗಿಲ ಪರದೆ. ಅದರ ಹಿಂದೆ ಇಣುಕಮ್ಮ ಉಸಿರು ಬಿಗಿಹಿಡಿದು ನಿಂತಿದ್ದಳು.

ಇಣುಕಮ್ಮ ಎನ್ನುವುದು ಅವಳ ನಿಜವಾದ ಹೆಸರಲ್ಲ. ಮುಚ್ಚಿದ ಡಬ್ಬಿ, ಅರ್ಧ ತೆರೆದ ಬಾಗಿಲು, ದೊಡ್ಡವರ ಗುಸುಗುಸು, ಇಂಥದ್ದು ಏನೇ ಇದ್ದರೂ ಅವಳ ಕತ್ತು ತಾನಾಗಿಯೇ ಆ ಕಡೆ ಉದ್ದವಾಗುತ್ತಿತ್ತು. ಅದನ್ನು ನೋಡಿ ಅಪ್ಪ ಇಟ್ಟ ಹೆಸರು ಅದು. ಈಗ ಶಾಲೆಯ ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಅವಳ ನಿಜವಾದ ಹೆಸರು ನೆನಪಿಲ್ಲ.

ಮಹಡಿಯಲ್ಲಿ ಮನೆ, ಕೆಳಗೆ ಕನ್ನಡಕದ ಅಂಗಡಿ. ಮುಂದಿನ ಕೋಣೆಯಲ್ಲಿ ಅಮ್ಮ ಕಣ್ಣು ಪರೀಕ್ಷೆ ಮಾಡುತ್ತಾಳೆ. ಹಿಂದಿನ ಕೋಣೆಯಲ್ಲಿ ಅಪ್ಪ ಗಾಜುಗಳನ್ನು ಫ್ರೇಮಿನ ಅಳತೆಗೆ ಉಜ್ಜುತ್ತಾನೆ. ಅವನ ಯಂತ್ರ ದಿನವಿಡೀ ‘ಕೊರ್ರ್’ ಎನ್ನುತ್ತಿರುತ್ತದೆ.

ಆ ದಿನ ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದವರು ಶಾಲೆಯ ವಿಜ್ಞಾನದ ಮೇಷ್ಟ್ರು. ಅವರ ಕನ್ನಡಕ ಎಷ್ಟು ದಪ್ಪ ಎಂದರೆ ಅದರ ಹಿಂದೆ ಅವರ ಕಣ್ಣುಗಳು ಎರಡರಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಮಕ್ಕಳು ಅವರಿಗೆ ‘ಭೂತಗನ್ನಡಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಹಿಂದಿನ ದಿನ ಉತ್ತರ ಪತ್ರಿಕೆ ತಿದ್ದುತ್ತಾ ತಿದ್ದುತ್ತಾ ತಮ್ಮ ಕನ್ನಡಕದ ಮೇಲೆ ತಾವೇ ಕೂತುಬಿಟ್ಟಿದ್ದರು. ಬಲಗಡೆಯ ಗಾಜು ಚೂರುಚೂರು.

“ಎಡಗಣ್ಣು ಚಿಕ್ಕಂದಿನಿಂದ ಮಂದ ಕಣಮ್ಮ. ಅದೇನಿದ್ರೂ ಶೋಕಿಗೆ. ಕೆಲಸ ಎಲ್ಲ ಬಲಗಣ್ಣಿಂದೇ, ಸ್ವಲ್ಪ ಚೆನ್ನಾಗಿ ನೋಡಿ,” ಎಂದರು ಮೇಷ್ಟ್ರು.

ಅಮ್ಮನ ಮುಂದೆ ಉದ್ದನೆಯ ಮರದ ಪೆಟ್ಟಿಗೆ ಇತ್ತು. ಅದರ ತುಂಬ ಸಾಲುಸಾಲು ಗೂಡುಗಳು, ಒಂದೊಂದು ಗೂಡಿನಲ್ಲಿ ಒಂದೊಂದು ದುಂಡನೆಯ ಗಾಜು. ಬಲಗಣ್ಣಿಗೆ ಒಂದು ಸಾಲು, ಎಡಗಣ್ಣಿಗೆ ಒಂದು ಸಾಲು. ಪ್ರತಿ ಗಾಜಿಗೂ ಒಂದು ಪುಟ್ಟ ಹಿಡಿ, ಹಿಡಿಯ ಮೇಲೆ ಇರುವೆಯಷ್ಟು ಸಣ್ಣಗೆ ಕೆತ್ತಿದ ನಂಬರು. ಆದರೆ ಅಮ್ಮ ಆ ನಂಬರು ಓದುವುದಿಲ್ಲ. ಗೂಡನ್ನೂ ನೋಡುವುದಿಲ್ಲ. ಅವಳ ಬೆರಳಿಗೇ ಎಲ್ಲ ಗೊತ್ತು. “ಕರೆಂಟ್ ಹೋದ್ರೂ ಕರೆಕ್ಟಾಗಿ ತೆಗೀತೀನಿ,” ಎಂದು ಅವಳು ಜಂಬ ಕೊಚ್ಚಿಕೊಳ್ಳುವುದೂ ಇತ್ತು.

ಆ ಬೆರಳು ಈಗ ಬಲಗಣ್ಣಿನ ಸಾಲಿನ ಮೇಲೆ ಓಡಾಡುತ್ತಿತ್ತು. ಅದು ಓಡಾಡಿದ ಹಾಗೆಲ್ಲ ಇಣುಕಮ್ಮನ ಎದೆ ಡಬಡಬ ಎನ್ನುತ್ತಿತ್ತು.

ಏಕೆಂದರೆ ಆ ಸಾಲಿನಿಂದ ಒಂದು ಗಾಜನ್ನು ಅವಳು ಎಗರಿಸಿ ಒಂದು ವಾರವಾಗಿತ್ತು.

ಎಗರಿಸಿದ್ದು ಒಂದನೇ ನಂಬರಿನ ಗಾಜು. ಆದರೆ ಒಂದರ ಗೂಡು ಖಾಲಿಯಿದ್ದರೆ ಅಮ್ಮನ ಬೆರಳಿಗೆ ತಕ್ಷಣ ಗೊತ್ತಾಗುತ್ತದಲ್ಲ? ಅದಕ್ಕೆ ಇಣುಕಮ್ಮ ಭಾರೀ ಉಪಾಯ ಹೂಡಿದ್ದಳು. ಒಂದೂಕಾಲರ ಗಾಜನ್ನು ಒಂದರ ಗೂಡಿಗೆ ಇಟ್ಟಳು. ಒಂದೂವರೆಯದನ್ನು ಒಂದೂಕಾಲರ ಗೂಡಿಗೆ. ಹೀಗೇ, ಮುಂದೆ ಕಾಲು, ಅರ್ಧ ಇಲ್ಲದೆ ಬರೀ ಪೂರ್ಣ ನಂಬರುಗಳಿದ್ದ ಕಡೆಯೂ ಬಿಡದೆ, ಇಡೀ ಸಾಲನ್ನು ಒಂದೊಂದು ಮನೆ ಹಿಂದಕ್ಕೆ ಜರುಗಿಸಿದಳು. ಕೊನೆಗೆ ಖಾಲಿ ಉಳಿದದ್ದು ಪೆಟ್ಟಿಗೆಯ ಮೂಲೆಯಲ್ಲಿದ್ದ ಇಪ್ಪತ್ತರ ಗೂಡು. ಅಲ್ಲಿಗೆ ಅಮ್ಮನ ಬೆರಳು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ತನ್ನಷ್ಟು ಜಾಣೆ ಈ ಬೀದಿಯಲ್ಲೇ ಇಲ್ಲ ಎಂದು ಅವತ್ತು ಅವಳಿಗೆ ಅನ್ನಿಸಿತ್ತು.

“ಈಗ ಓದಿ,” ಎಂದಳು ಅಮ್ಮ.

ಮೇಷ್ಟ್ರು ಗೋಡೆಯ ಮೇಲಿನ ಅಕ್ಷರಗಳನ್ನು ಪಟಪಟನೆ ಓದಿದರು. ಕೊನೆಯ ಸಾಲನ್ನೂ ಬಿಡಲಿಲ್ಲ.

“ಅಯ್ಯೋ, ಮೇಷ್ಟ್ರೇ! ಬಲಗಣ್ಣಿಗೆ ಹೋದ ಸಲ ಏಳಿತ್ತು. ಈಗ ಆರರಲ್ಲೇ ಎಲ್ಲ ಓದ್ತಿದೀರಲ್ಲ! ನಂಬರ್ ಇಳಿದಿದೆ!”

“ಹಾಂ! ದಿನಾ ಬೆಳಿಗ್ಗೆ ಕಣ್ಣಿಗೆ ತಣ್ಣೀರು ಎರಚ್ತೀನಿ ನೋಡಿ, ಅದರದ್ದೇ ಕೆಲಸ!”

ಅಪ್ಪ ಹಿಂದಿನ ಕೋಣೆಯಿಂದ ತಲೆ ಹೊರಗೆ ಹಾಕಿದ. “ಹಾಗಾದ್ರೆ ಗಾಜೂ ತೆಳ್ಳಗಾಗುತ್ತೆ ಬಿಡಿ. ಮೂಗಿಗೆ ಭಾರ ಕಮ್ಮಿ.”

ಎಲ್ಲರಿಗೂ ಖುಷಿಯೋ ಖುಷಿ. ಎಲ್ಲರಿಗಿಂತ ಹೆಚ್ಚು ಖುಷಿ ಪರದೆಯ ಹಿಂದಿದ್ದವಳಿಗೆ. ಅಮ್ಮನ ಬೆರಳು ಖಾಲಿ ಗೂಡಿನ ಹತ್ತಿರವೂ ಸುಳಿಯಲಿಲ್ಲ!

ಅವಳು ಗಾಜನ್ನು ಎಗರಿಸಿದ್ದಕ್ಕೆ ಒಂದು ರೀತಿಯಲ್ಲಿ ಮೇಷ್ಟ್ರೇ ಕಾರಣ.

ಹತ್ತು ದಿನಗಳ ಹಿಂದೆ ಅವರು ಟೆಲಿಸ್ಕೋಪಿನ ಪಾಠ ಮಾಡಿದ್ದರು. “ನಾನೂರು ವರ್ಷದ ಹಿಂದೆ,” ಎಂದು ಶುರುಮಾಡಿ, ಮೇಜಿನ ಮೇಲೆ ಎರಡೂ ಕೈ ಊರಿ, “ಕನ್ನಡಕ ಮಾಡೋರ ಅಂಗಡೀಲಿ ಒಂದು ಆಟಿಕೆ ಹುಟ್ಟಿತು,” ಎಂದಿದ್ದರು.

ಕನ್ನಡಕದ ಅಂಗಡಿ ಎಂದ ಕೂಡಲೇ ಇಡೀ ತರಗತಿ ಇಣುಕಮ್ಮನ ಕಡೆ ತಿರುಗಿತ್ತು. ಅವಳ ಕತ್ತು ಎರಡು ಇಂಚು ಉದ್ದವಾಗಿತ್ತು.

“ಒಂದು ಕೊಳವೆ. ಮುಂದೆ ಒಂದು ಉಬ್ಬು ಗಾಜು, ಕಣ್ಣಿನ ಹತ್ತಿರ ಒಂದು ತಗ್ಗು ಗಾಜು. ಅಷ್ಟೇ! ಎಲ್ಲರೂ ಅದರಲ್ಲಿ ದೂರದ ಹಡಗು ನೋಡಿದ್ರು, ಗೋಪುರ ನೋಡಿದ್ರು. ಗೆಲಿಲಿಯೋ ಅನ್ನೋರು ಅಂಥದ್ದೇ ಒಂದನ್ನ ತಾವೇ ಮಾಡಿ ಆಕಾಶಕ್ಕೆ ತಿರುಗಿಸಿದ್ರು. ನುಣ್ಣಗಿದೆ ಅಂದ್ಕೊಂಡಿದ್ದ ಚಂದ್ರನ ಮೇಲೆ ಬೆಟ್ಟ ಕಾಣ್ತು. ಗುರು ಗ್ರಹದ ಪಕ್ಕ ನಾಲ್ಕು ಚುಕ್ಕೆ ಕಾಣ್ತು. ಅಲ್ಲೀವರೆಗೆ ದೊಡ್ಡ ದೊಡ್ಡ ಪಂಡಿತರೆಲ್ಲ ಏನಂತಿದ್ರು? ಆಕಾಶದಲ್ಲಿರೋದೆಲ್ಲ ನಮ್ಮ ಭೂಮೀನೇ ಸುತ್ತೋದು ಅಂತ. ಈ ನಾಲ್ಕು ಚುಕ್ಕೆ ಭೂಮಿ ಕಡೆ ತಿರುಗಿಯೂ ನೋಡದೆ ಗುರುವನ್ನ ಸುತ್ತುತ್ತಾ ಇದ್ವು!”

“ಹೌದಾ?” ಎಂದಿತ್ತು ಹಿಂದಿನ ಬೆಂಚಿನಿಂದ ಒಂದು ಧ್ವನಿ.

ಅದು ಇಣುಕಮ್ಮನ ಪಕ್ಕದ ಮನೆಯ ಹುಡುಗ. ಯಾರು ಏನು ಹೇಳಿದರೂ ಅವನ ಮೊದಲ ಮಾತು “ಹೌದಾ?” ಊಟ ರೆಡಿ ಎಂದರೂ “ಹೌದಾ?” ಹಾಗಾಗಿ ಅವನಿಗೆ ‘ಹೌದಾರಾಯ’ ಎಂಬ ಹೆಸರು ಅಂಟಿಕೊಂಡಿತ್ತು.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. “ಒಳ್ಳೇ ಪ್ರಶ್ನೆ ಕಣಯ್ಯಾ. ಆಗಲೂ ಹಾಗೇ ಕೇಳಿದ್ರು. ಕೆಲವರು ಕೊಳವೆಗೆ ಕಣ್ಣಿಡೋಕೇ ಒಪ್ಪಲಿಲ್ಲ. ಕೆಲವರು ನೋಡಿ, ಇದು ಆಕಾಶದ್ದಲ್ಲ, ಗಾಜಿನ ದೋಷ ಅಂದ್ರು. ನಾನು ಹೇಳಿದೆ ಅಂತ ನೀವೂ ನಂಬ್ಬೇಡಿ. ನೋಡಿ, ಬರೆದಿಡಿ, ಮತ್ತೆ ನೋಡಿ.”

ಮನೆಗೆ ಬಂದ ಇಣುಕಮ್ಮ ಅಪ್ಪನನ್ನು ಗಾಜು ಕೇಳಿದಳು. “ನೋಡೋಣ,” ಎಂದ ಅಪ್ಪ. ದೊಡ್ಡವರ ‘ನೋಡೋಣ’ ಎಂದರೆ ಏನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗಲೇ ಅವಳ ಕಣ್ಣು ಅಮ್ಮನ ಪೆಟ್ಟಿಗೆಯ ಮೇಲೆ ಬಿದ್ದದ್ದು. ಬಲಸಾಲಿನಿಂದ ಒಂದನೇ ನಂಬರಿನ ಉಬ್ಬು ಗಾಜು. ತಗ್ಗು ಗಾಜುಗಳಿಗೇ ಬೇರೆ ಇದ್ದ ಇನ್ನೊಂದು ಸಾಲಿನ ತುದಿಯಿಂದ, ಯಾರೂ ಮುಟ್ಟದ ಇಪ್ಪತ್ತನೇ ನಂಬರಿನ ತಗ್ಗು ಗಾಜು. ಒಂದೇ ಸಂಜೆಗೆ, ನೋಡಿದ ಕೂಡಲೇ ವಾಪಸ್ಸು, ಎಂದುಕೊಂಡಿದ್ದಳು.

ಬಟ್ಟೆ ಅಂಗಡಿಯವರು ಬಿಸಾಡಿದ್ದ ಉದ್ದನೆಯ ರಟ್ಟಿನ ಕೊಳವೆ ಸಿಕ್ಕಿತು. ಅದರೊಳಗೆ ಜಾರುವಂತೆ ಹಳೆಯ ಕ್ಯಾಲೆಂಡರನ್ನು ಸುತ್ತಿ ಇನ್ನೊಂದು ಕೊಳವೆ ಮಾಡಿದಳು. ಮುಂದಿನ ಗಾಜಿನ ಹಿಡಿ ಒಳಗೆ ಹೋಗಲು ಒಪ್ಪಲಿಲ್ಲ. ರಟ್ಟಿನಲ್ಲಿ ಒಂದು ಸೀಳು ಮಾಡಿದಳು, ಹಿಡಿ ಅಲ್ಲಿಂದ ಪುಟ್ಟ ಬಾಲದಂತೆ ಹೊರಗೆ ಇಣುಕಿತು. ಚಿತ್ರ ಮಸುಕಾದಾಗ ಗಾಜಿನ ಮುಂದೆ ನಾಣ್ಯದಷ್ಟು ತೂತಿನ ರಟ್ಟು ಅಂಟಿಸಿದಳು. ಆಗ ಎದುರು ಮನೆಯ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಅಂಗಿಯ ಗುಂಡಿಗಳನ್ನೂ ಎಣಿಸಬಹುದಾಗಿತ್ತು.

ಮೊದಲ ಸಂಜೆ ಸೂರ್ಯ ಮುಳುಗಿದ ಮೇಲೆ, ಬೀದಿದೀಪ ಹತ್ತುವ ಹೊತ್ತಿಗೆ, ಮಾಳಿಗೆಯ ಗೋಡೆಯ ಮೇಲೆ ದಿಂಬು ಇಟ್ಟು, ದಿಂಬಿನ ಮೇಲೆ ಕೊಳವೆ ಇಟ್ಟು, ಗುರು ಗ್ರಹವನ್ನು ಹಿಡಿಯಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊಳವೆ ಕೂದಲಷ್ಟು ಅಲ್ಲಾಡಿದರೂ ಗುರು ಮಂಗಮಾಯ. ಕೊನೆಗೆ ಒಂದು ಪುಟ್ಟ ದುಂಡನೆಯ ಬೆಳಕು ಬಂದು ನಿಂತಿತು. ಅದರ ಪಕ್ಕ ಒಂದೇ ಗೆರೆಯಲ್ಲಿ ನಾಲ್ಕು ಚುಕ್ಕೆಗಳು. ಎಡಕ್ಕೆ ಒಂದು, ಬಲಕ್ಕೆ ಮೂರು.

“ಇದಾವೆ ಕಣೋ! ನಾಲ್ಕೂ ಇದಾವೆ!”

“ಹೌದಾ?” ಎಂದ ಹೌದಾರಾಯ. ಕಣ್ಣಿಟ್ಟು ನೋಡಿ, “ಧೂಳು,” ಎಂದ.

“ಧೂಳಾದ್ರೆ ಗಾಜಿನ ಮೇಲೇ ಇರ್ಬೇಕು ತಾನೆ? ಗಾಜು ತಿರುಗಿದ್ರೆ ಧೂಳೂ ತಿರುಗ್ಬೇಕು.”

ಅವಳು ಕೊಳವೆಯನ್ನು ಮೆಲ್ಲಗೆ ಉರುಳಿಸಿದಳು. ಹೌದಾರಾಯ ಕಣ್ಣು ಕೀಳದೆ ನೋಡಿದ. ಕಣ್ಣಿನ ಹತ್ತಿರದ ಗಾಜಿನ ಮೇಲಿದ್ದ ಒಂದು ಗೀರು ಗಡಿಯಾರದ ಮುಳ್ಳಿನಂತೆ ಸುತ್ತು ಹಾಕಿತು. ನಾಲ್ಕು ಚುಕ್ಕೆಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ನಿನ್ನ ಕಣ್ಣಲ್ಲೇ ಏನೋ ಇರ್ಬೇಕು,” ಎಂದ ಅವನು, ಸೋಲಲು ಮನಸ್ಸಿಲ್ಲದೆ.

“ಈಗ ನೋಡ್ತಿರೋದು ಯಾರ ಕಣ್ಣೋ?”

ಹೌದಾರಾಯ ಕೊಳವೆಯಿಂದ ಕಣ್ಣು ತೆಗೆದ. “ಹಾಗಾದ್ರೆ ಕಣ್ಣಲ್ಲೂ ಇಲ್ಲ, ಗಾಜಲ್ಲೂ ಇಲ್ಲ. ಆಕಾಶದಲ್ಲೇ ಇದೆ,” ಎಂದ. ಅವನ ಧ್ವನಿ ತಗ್ಗಿತ್ತು. ಇಬ್ಬರಿಗೂ ಮೈ ಜುಮ್ಮೆಂದಿತು.

ಒಂದೇ ಸಂಜೆ ಎಂದಿದ್ದು ಎರಡಾಯಿತು, ಮೂರಾಯಿತು. ಏಕೆಂದರೆ ಎರಡನೆಯ ದಿನ ಚುಕ್ಕೆಗಳು ಜಾಗ ಬದಲಿಸಿದ್ದವು. ಆ ಕಡೆ ಎರಡು, ಈ ಕಡೆ ಎರಡು. ಮೂರನೆಯ ದಿನ ಇದ್ದದ್ದೇ ಮೂರು! ನಾಲ್ಕನೆಯದು ಗುರುವಿನ ಹಿಂದೆ ಅವಿತಿತ್ತು. ಇಣುಕಮ್ಮ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದಿನವೂ ಚಿತ್ರ ಬರೆದಳು. ಅಲ್ಲಿ ಯಾರೋ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಆ ಆಟಕ್ಕೂ ಅವರ ಬೀದಿಗೂ, ಅವರ ಭೂಮಿಗೂ ಏನೇನೂ ಸಂಬಂಧವಿರಲಿಲ್ಲ. ಇಂಥ ಆಟವನ್ನು ಅರ್ಧಕ್ಕೆ ಬಿಟ್ಟು ಗಾಜು ವಾಪಸ್ಸು ಇಡುವುದು ಹೇಗೆ?

ಮೇಷ್ಟ್ರ ಕನ್ನಡಕ ಎರಡೇ ದಿನದಲ್ಲಿ ತಯಾರಾಯಿತು. ಅವರು ಹಾಕಿಕೊಂಡು ಬೀದಿಯ ಕಡೆ ನೋಡಿ ಕಣ್ಣು ಪಿಳಿಪಿಳಿ ಬಿಟ್ಟರು.

“ಸ್ವಲ್ಪ ಮಂಜು ಮಂಜು...”

“ಹೊಸ ಗಾಜಲ್ವಾ ಮೇಷ್ಟ್ರೇ, ಎರಡು ದಿನ ಹಾಗೇ. ಆಮೇಲೆ ಹೊಂದ್ಕೊಳ್ಳುತ್ತೆ,” ಎಂದ ಅಪ್ಪ.

ಎರಡು ದಿನ ಕಳೆಯಿತು. ಹೊಂದಿಕೊಳ್ಳಲಿಲ್ಲ.

ತರಗತಿಯಲ್ಲಿ ಮೊದಮೊದಲು ಮಕ್ಕಳಿಗೆ ಹಬ್ಬವೋ ಹಬ್ಬ. ಮೇಷ್ಟ್ರು ಹಾಜರಿ ಕರೆಯುವಾಗ ಒಬ್ಬರ ಹೆಸರಿನ ಬದಲು ಇನ್ನೊಬ್ಬರ ಹೆಸರು ಓದಿದರು. ಹಿಂದಿನ ಬೆಂಚಿನವರು ನಾಲಿಗೆ ಚಾಚಿದರೂ ಗೊತ್ತಾಗಲಿಲ್ಲ. ಕಿರುಪರೀಕ್ಷೆಯಲ್ಲಿ ಹೌದಾರಾಯನಿಗೆ ಇಪ್ಪತ್ತಕ್ಕೆ ಹದಿನೇಳು ಬಂತು. “ಹೌದಾ?” ಎಂದು ಅವನು ತನ್ನ ಪೇಪರನ್ನೇ ಕೇಳಿದ. ಇಣುಕಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದನ್ನೇ ಬಿಟ್ಟರು. ಚಾಕ್‌ಪೀಸನ್ನು ಮಕ್ಕಳ ಕೈಗೆ ಕೊಟ್ಟು, ತಾವು ಕಿಟಕಿಯ ಹತ್ತಿರ ಕೂತು ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದತೊಡಗಿದರು. ಕನ್ನಡಕ ತೆಗೆದು ಒರೆಸುವುದು, ಹಾಕುವುದು, ಮತ್ತೆ ತೆಗೆದು ಒರೆಸುವುದು. ಇದೇ ಆಯಿತು.

ಶುಕ್ರವಾರ ಇಣುಕಮ್ಮ ಹಾಜರಿ ಪುಸ್ತಕ ಕೊಡಲು ಆಫೀಸ್ ರೂಮಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಷ್ಟ್ರು, ಎದುರಿಗೆ ಹೆಡ್‌ಮೇಡಂ. ಅವಳ ಕತ್ತು ಅಭ್ಯಾಸದಂತೆ ಉದ್ದವಾಯಿತು.

“ಗಾಜು ಎಷ್ಟು ಒರೆಸಿದ್ರೂ ಅಷ್ಟೇ ಮೇಡಂ. ಗಾಜಲ್ಲಿ ಏನೂ ಇಲ್ಲ. ಕಣ್ಣೇ ಹೋಗ್ತಾ ಇದೆ,” ಎನ್ನುತ್ತಿದ್ದರು ಮೇಷ್ಟ್ರು. “ಮುಂದಿನ ವಾರದಿಂದ ಪಾಠಕ್ಕೆ ಬೇರೆಯವರನ್ನ ನೋಡ್ಕೊಳ್ಳಿ. ಕಾಣದೆ ಇರೋನು ಮಕ್ಕಳಿಗೆ ‘ನೋಡಿ, ನೋಡಿ’ ಅಂತ ಹೇಳೋದು ಸರಿಯಲ್ಲ.”

ಆ ಧ್ವನಿಯಲ್ಲಿ ಭಯ ಇತ್ತು. ದೊಡ್ಡವರ ಧ್ವನಿಯಲ್ಲಿ ಭಯ ಇರುವುದನ್ನು ಇಣುಕಮ್ಮ ಅದೇ ಮೊದಲು ಕೇಳಿದ್ದು. ಅವಳು ಹಾಜರಿ ಪುಸ್ತಕವನ್ನು ಬಾಗಿಲ ಬಳಿಯೇ ಇಟ್ಟು ಮನೆಯ ದಾರಿ ಹಿಡಿದಳು.

ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕಣ್ಣಲ್ಲೋ, ಗಾಜಲ್ಲೋ? ಹೌದಾರಾಯನಿಗೆ ತೋರಿಸಲು ಅವಳು ಕೊಳವೆ ತಿರುಗಿಸಿದ್ದಳು. ಮೇಷ್ಟ್ರ ಗಾಜನ್ನು ಯಾರು ತಿರುಗಿಸಿ ನೋಡಿದ್ದಾರೆ? ಅಮ್ಮ ಆರು ಎಂದಳು, ಅಪ್ಪ ಆರು ಉಜ್ಜಿದ. ಅಮ್ಮನಿಗೆ ಆರು ಎಂದು ಹೇಳಿದ್ದು ಯಾರು? ಗೂಡು!

ಗೂಡು ಎಂದದ್ದೇ ಅವಳ ಕಾಲು ರಸ್ತೆಯಲ್ಲೇ ನಿಂತುಬಿಟ್ಟಿತು. ಮರುಕ್ಷಣ ಒಂದೇ ಓಟ.

ಅಂಗಡಿಯಲ್ಲಿ ಅಮ್ಮ ಇರಲಿಲ್ಲ, ಟೀ ಕುಡಿಯಲು ಮೇಲೆ ಹೋಗಿದ್ದಳು. ಇಣುಕಮ್ಮ ಆರರ ಗೂಡಿನಿಂದ ಗಾಜು ತೆಗೆದು, ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇರುವೆಯಷ್ಟು ಸಣ್ಣಗೆ ಒಂದು ಅಂಕಿ.

ಏಳು.

ಅವಳು ಗಾಜನ್ನು ವಾಪಸ್ಸು ಇಟ್ಟಳು. ಮೇಷ್ಟ್ರ ಕಣ್ಣು ಇಳಿದೂ ಇರಲಿಲ್ಲ, ಹೋಗುತ್ತಲೂ ಇರಲಿಲ್ಲ. ಅದು ಇದ್ದಲ್ಲೇ ಇತ್ತು. ಜರುಗಿದ್ದು ಗಾಜುಗಳು. ಜರುಗಿಸಿದ್ದು ಅವಳು.

ಮೊದಲು ಹೊಳೆದದ್ದು ಇನ್ನೊಂದು ಉಪಾಯವೇ. ಗಾಜುಗಳನ್ನೆಲ್ಲ ಮೊದಲಿನಂತೆ ಜೋಡಿಸಿಬಿಟ್ಟರೆ? ಮೇಷ್ಟ್ರನ್ನು ಇನ್ನೊಂದು ಸಲ ಪರೀಕ್ಷೆಗೆ ಕರೆದರೆ? ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳು ಉಸಿರು ಬಿಡದೆ ಮೇಷ್ಟ್ರ ಮನೆಗೆ ಓಡಿದಳು.

“ಸರ್, ಇನ್ನೊಂದ್ಸಲ ಕಣ್ಣು ಟೆಸ್ಟ್ ಮಾಡಿಸ್ಕೊಳ್ಬೇಕಂತೆ. ಅಮ್ಮ ಹೇಳಿದಾರೆ. ಫ್ರೀ!”

ಮೇಷ್ಟ್ರು ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಕನ್ನಡಕ ತೊಡೆಯ ಮೇಲಿತ್ತು. ಅದಿಲ್ಲದೆ ಅವರ ಕಣ್ಣುಗಳು ಎಲ್ಲರ ಕಣ್ಣಿನಷ್ಟೇ ಚಿಕ್ಕವಾಗಿದ್ದವು.

“ಬೇಡ ಮರಿ. ನಿಮ್ಮಮ್ಮ ಒಳ್ಳೇ ಮನಸ್ಸಿಂದ ನಂಬರ್ ಇಳಿದಿದೆ ಅಂದ್ರು. ಇನ್ನೊಂದ್ಸಲ ನೋಡಿ ಏನು ಹೇಳ್ತಾರೋ. ಕೇಳೋಕೆ ಧೈರ್ಯ ಇಲ್ಲಪ್ಪ.”

ಇಣುಕಮ್ಮ ಹೊಸಿಲ ಮೇಲೆ ನಿಂತು ಕಾಲಿನಿಂದ ಕಾಲು ಕೆರೆದುಕೊಂಡಳು. ನಿಜ ಹೇಳಲು ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ ಮಾತು.

“ಸರ್, ಗುರುವಿನ ನಾಲ್ಕು ಚುಕ್ಕೆ ನೀವು ನೋಡಿದೀರಾ?”

“ಪುಸ್ತಕದಲ್ಲಿ.”

“ಪುಸ್ತಕದಲ್ಲಲ್ಲ ಸರ್. ಕಣ್ಣಲ್ಲಿ.”

ಮೇಷ್ಟ್ರು ನಕ್ಕರು, ಆದರೆ ಆ ನಗು ಅರ್ಧಕ್ಕೇ ನಿಂತಿತು. “ಮೂವತ್ತು ವರ್ಷದಿಂದ ಆ ಪಾಠ ಮಾಡ್ತಿದೀನಿ. ಒಂದ್ಸಲಾನೂ ನೋಡಿಲ್ಲ. ನಮ್ಮ ಶಾಲೇಲಿ ಟೆಲಿಸ್ಕೋಪ್ ಎಲ್ಲಿತ್ತು? ಈಗಂತೂ...”

“ನಮ್ಮನೇಲಿದೆ ಸರ್,” ಎಂದುಬಿಟ್ಟಳು ಇಣುಕಮ್ಮ.

ಹೇಳಿದ ಮೇಲೆ ಅವಳ ಕಿವಿ ಬಿಸಿಯಾಯಿತು. ಟೆಲಿಸ್ಕೋಪ್ ತೋರಿಸಿದರೆ ಹೊರಗೆ ಇಣುಕುವ ಹಿಡಿಯೂ ಕಾಣುತ್ತದೆ. ಅಮ್ಮ ಅದನ್ನು ಒಂದು ಮೈಲಿ ದೂರದಿಂದ ಗುರುತು ಹಿಡಿಯುತ್ತಾಳೆ. ಆದರೆ ಮೇಷ್ಟ್ರು ಆಗಲೇ ಚಪ್ಪಲಿ ಹುಡುಕುತ್ತಿದ್ದರು, ಕಾಲಿನಿಂದ ತಡವಿ ತಡವಿ. ಅದನ್ನು ನೋಡಿ ಅವಳೇ ಬಗ್ಗಿ ಚಪ್ಪಲಿಯನ್ನು ಅವರ ಕಾಲಿನ ಹತ್ತಿರ ಇಟ್ಟಳು.

ಮೇಷ್ಟ್ರು ಮನೆಗೆ ಬಂದರು ಎಂದರೆ ಸುಮ್ಮನೆಯೇ? ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮಾಳಿಗೆಗೆ ಬಂದಳು. ಅಪ್ಪ ಯಂತ್ರ ನಿಲ್ಲಿಸಿ ಬಂದ. ಹೌದಾರಾಯ ಅಡ್ಡಗೋಡೆ ಹಾರಿ ಬಂದ. ಸೂರ್ಯ ಮುಳುಗಿ ಆಗಷ್ಟೇ ಕತ್ತಲಾಗಿತ್ತು. ಇಣುಕಮ್ಮ ಹಿಡಿ ಇರುವ ಬದಿಯನ್ನು ದಿಂಬಿನೊಳಗೆ ಒತ್ತಿ, ಗುರುವನ್ನು ಹಿಡಿದು, ತಾನು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪುಸ್ತಕ ಮಡಚಿ ಹೌದಾರಾಯನ ಕೈಗೆ ಕೊಟ್ಟಳು.

“ಯಾರಿಗೂ ತೋರಿಸ್ಬೇಡ. ಸರ್, ಕನ್ನಡಕ ತೆಗೀರಿ.”

“ತೆಗೆದ್ರೆ ಏನೂ ಕಾಣಲ್ಲಮ್ಮ.”

“ಬಲಗಣ್ಣಿಡಿ. ಒಳಗಿನ ಕೊಳವೇನ ಮೆಲ್ಲಗೆ ಹಿಂದೆಮುಂದೆ ಜರುಗಿಸಿ. ದಿಂಬು ಮಾತ್ರ ಅಲ್ಲಾಡಿಸ್ಬೇಡಿ.”

ಮೇಷ್ಟ್ರು ಬಗ್ಗಿ ಕಣ್ಣಿಟ್ಟರು. “ಏನೋ ಬೆಳಕಿನ ಮುದ್ದೆ,” ಎಂದು ಗೊಣಗಿದರು. ಒಳಗಿನ ಕೊಳವೆಯನ್ನು ತಳ್ಳಿದರು. “ಇನ್ನೂ ದೊಡ್ಡ ಮುದ್ದೆ.” ಹೊರಕ್ಕೆ ಎಳೆದರು, ಒಂದು ಬೆರಳಗಲ. ಅವರ ಕೈ ತಟ್ಟನೆ ನಿಂತಿತು.

ಎದುರು ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಒಂದು,” ಎಂದರು ಮೇಷ್ಟ್ರು. “ಎರಡು... ಅಲ್ಲಿ, ದೂರದಲ್ಲಿ ಇನ್ನೊಂದು. ಮೂರು. ಎಡಕ್ಕೆ ಎರಡು, ಬಲಕ್ಕೆ ಒಂದು. ಬಲಗಡೇದು ಗುರುವಿಗೆ ಅಂಟ್ಕೊಂಡ ಹಾಗಿದೆ.”

ಹೌದಾರಾಯ ನೋಟ್‌ಬುಕ್ ತೆರೆದ. ಎಡಕ್ಕೆ ಎರಡು ಚುಕ್ಕೆ, ಬಲಕ್ಕೆ ಒಂದು. ಬಲಗಡೆಯದು ಅಂಟಿಕೊಂಡೇ ಇತ್ತು.

“ಸರ್, ಕರೆಕ್ಟ್! ಹಾಗಾದ್ರೆ ಕಣ್ಣು ಸರಿಯಾಗೇ ಇದೆ! ಕೊಳವೆ ಎಳ್ಕೊಂಡ್ರೆ ಕಾಣುತ್ತೆ, ಕನ್ನಡಕದಲ್ಲಿ ಕಾಣಲ್ಲ ಅಂದ್ರೆ... ಕನ್ನಡಕವೇ ತಪ್ಪು!” ಎಂದು ಕೂಗಿದ ಅವನು.

ಮೇಷ್ಟ್ರು ಕಣ್ಣು ತೆಗೆಯಲಿಲ್ಲ. ಅವರ ಭುಜ ಸಣ್ಣಗೆ ಅಲುಗುತ್ತಿತ್ತು. ಅವರು ನಗುತ್ತಿದ್ದರೋ ಅಳುತ್ತಿದ್ದರೋ ಇಣುಕಮ್ಮನಿಗೆ ತಿಳಿಯಲಿಲ್ಲ.

ಅಮ್ಮನ ಮುಖ ಮಾತ್ರ ಬಿಳಿಚಿಕೊಂಡಿತ್ತು. “ನಾನೇ ನೋಡಿದ್ದು. ಹದಿನೈದು ವರ್ಷದಲ್ಲಿ ಒಂದು ಸಲಾನೂ ಹೀಗೆ ಆಗಿಲ್ಲ. ನನ್ನ ಬೆರಳು ಹೇಗೆ...” ಎಂದು ತನ್ನ ಕೈಯನ್ನೇ ನೋಡಿಕೊಂಡಳು.

ಇಣುಕಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಕೊಳವೆಯ ತುದಿಯಿಂದ ರಟ್ಟು ಕಿತ್ತು, ಗಾಜನ್ನು ಹಿಡಿಯಿಂದ ಎಳೆದು ಅಮ್ಮನ ಅಂಗೈಯಲ್ಲಿ ಇಟ್ಟಳು.

“ನಿನ್ನ ಬೆರಳು ಸರಿಯಾಗೇ ಹೋಗಿತ್ತಮ್ಮ. ಇದು ಒಂದನೇ ನಂಬರ್. ಗೂಡು ಖಾಲಿ ಕಾಣ್ಬಾರ್ದು ಅಂತ ನಾನು ಎಲ್ಲಾನೂ ಒಂದೊಂದು ಮನೆ ಹಿಂದೆ ತಳ್ಳಿದೆ. ಆರರ ಗೂಡಲ್ಲಿರೋದು ಏಳು.” ಒಂದೇ ಉಸಿರಿಗೆ ಹೇಳಿ, ಸೇರಿಸಿದಳು, “ಫ್ರೀ ಟೆಸ್ಟ್ ಅಂತ ಹೇಳಿದ್ದೂ ಸುಳ್ಳು.”

“ಏಟು ಬೀಳುತ್ತೆ,” ಎಂದು ಹೌದಾರಾಯ ಪಿಸುಗುಟ್ಟಿದ. ಆ ಒಂದು ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಏಟು ಬೀಳಲಿಲ್ಲ. ಅಮ್ಮ ಗಾಜನ್ನು ಸೆರಗಿನಿಂದ ಒರೆಸಿ ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಎಷ್ಟು ದಿನದಿಂದ?”

“ಹನ್ನೆರಡು.”

“ಹನ್ನೆರಡು ದಿನದಲ್ಲಿ ಆ ಸಾಲಲ್ಲಿ ಇನ್ನೂ ಇಬ್ಬರಿಗೆ ನೋಡಿದೀನಿ. ನಾಳೆ ನನ್ನ ಜೊತೆ ಬರ್ತೀಯ. ನಾನು ಬಾಗಿಲು ತಟ್ತೀನಿ. ಮಾತು ನಿಂದು.”

ಏಟೇ ಎಷ್ಟೋ ಸುಲಭವಾಗಿತ್ತು ಎಂದು ಮರುದಿನ ಇಣುಕಮ್ಮನಿಗೆ ಅನ್ನಿಸಿತು. ಬೇಕರಿಯ ಅಜ್ಜಿ ಎಲ್ಲವನ್ನೂ ಕೇಳಿ, “ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ,” ಎಂದು ಅಂಗಡಿ ತುಂಬ ಜನ ಇರುವಾಗ ಎರಡು ಸಲ ಹೇಳಿಸಿದರು. ಪೋಸ್ಟ್‌ಮ್ಯಾನ್ ಮಾಮ ಹಣೆ ಚಚ್ಚಿಕೊಂಡರು. “ಅದಕ್ಕೇ ನೋಡು, ನಿಮ್ಮ ಕಾಗದ ಎಲ್ಲ ಪಕ್ಕದ ಮನೆಗೆ ಹಾಕ್ತಿದ್ದೆ!” ಕಾಲು ನಂಬರಿನ ವ್ಯತ್ಯಾಸಕ್ಕೆ ಅಷ್ಟೆಲ್ಲ ಆಗುವುದಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಆದರೂ ಅವಳು ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಮತ್ತೆ ಪರೀಕ್ಷೆಯ ಕುರ್ಚಿಯಲ್ಲಿ ಕೂತರು. ಈ ಸಲ ಇಣುಕಮ್ಮ ಪರದೆಯ ಹಿಂದಿರಲಿಲ್ಲ, ಅಮ್ಮನ ಪಕ್ಕದಲ್ಲಿದ್ದಳು. ಬೆಳಿಗ್ಗೆ ಇಡೀ ಸಾಲನ್ನು ಅವಳೇ ಸರಿಯಾಗಿ ಜೋಡಿಸಿದ್ದಳು. ಅಮ್ಮನ ಬೆರಳು ಗೂಡಿಗೆ ಹೋಯಿತು, ಗಾಜು ಎತ್ತಿತು. ಆದರೆ ಅದು ನೇರ ಮೇಷ್ಟ್ರ ಕಣ್ಣಿಗೆ ಹೋಗಲಿಲ್ಲ. ಅಮ್ಮ ಹಿಡಿಯನ್ನು ಬೆಳಕಿಗೆ ಹಿಡಿದು ನಂಬರು ಓದಿದಳು.

“ಇಷ್ಟು ವರ್ಷ ನಾನು ಗೂಡನ್ನೇ ನಂಬಿದ್ದೆ,” ಎಂದಳು ಮೆಲ್ಲಗೆ. ಆಮೇಲೆ ಗಾಜನ್ನು ಮಗಳ ಮುಂದೆ ಹಿಡಿದಳು. “ನೀನೂ ಓದು.”

“ಏಳು.”

“ಗಟ್ಟಿಯಾಗಿ.”

“ಏಳು!”

ಮೇಷ್ಟ್ರು ಕೊನೆಯ ಸಾಲಿನವರೆಗೆ ಪಟಪಟನೆ ಓದಿದರು. “ಇನ್ಮೇಲೆ ತಣ್ಣೀರು ಎರಚೋದು ಬಿಡಬಹುದು ಅಂತಾಯ್ತು,” ಎಂದರು. ಹೊರಡುವಾಗ ಇಣುಕಮ್ಮನ ತಲೆಯ ಮೇಲೆ ಕೈಯಿಟ್ಟರು. “ಸೋಮವಾರ ಆ ನೋಟ್‌ಬುಕ್ ತಗೊಂಡ್ ಬಾ. ಹಾಗೇ ಹೌದಾರಾಯನ ಹದಿನೇಳು ಮಾರ್ಕಿನ ಪೇಪರೂ ಬೇಕು.”

ಆ ಸಂಜೆ ಮಾಳಿಗೆಯ ಮೇಲೆ ಖಾಲಿ ಕೊಳವೆ ಬಿದ್ದಿತ್ತು. ಎರಡೂ ಗಾಜು ತಮ್ಮ ತಮ್ಮ ಗೂಡಿನಲ್ಲಿದ್ದವು. ಅಪ್ಪನನ್ನು ಮತ್ತೆ ಗಾಜು ಕೇಳಿದ್ದಕ್ಕೆ ಅವನು ಮುಖ ಗಂಟಿಕ್ಕಿ, “ನೋಡೋಣ,” ಎಂದಿದ್ದ. ಇಣುಕಮ್ಮ ಗೋಡೆಗೆ ಗಲ್ಲ ಊರಿ ಬರಿಗಣ್ಣಿನಿಂದ ಆಕಾಶ ನೋಡುತ್ತಿದ್ದಳು. ಗುರು ಇದ್ದ. ಒಂಟಿಯಾಗಿ, ಒಂದೇ ಚುಕ್ಕೆಯಾಗಿ, ಏನೂ ಗೊತ್ತಿಲ್ಲದವನಂತೆ.

ಹೌದಾರಾಯ ಬಂದು ಪಕ್ಕದಲ್ಲಿ ನಿಂತ. “ಇವತ್ತು ಎಷ್ಟಿದಾವೆ? ನಾಲ್ಕಾ, ಮೂರಾ?”

ಮೂರು ಎಂದು ಅವಳ ಬಾಯಿಗೆ ಬಂದಿತ್ತು. ನಿನ್ನೆಯ ಚಿತ್ರ ನೋಡಿ ಹೇಳಿಬಿಡಬಹುದಿತ್ತು, ಅವನು ನಂಬಿಯೂ ಬಿಡುತ್ತಿದ್ದ. ಅವಳು ಮಾತನ್ನು ನುಂಗಿಕೊಂಡಳು.

“ಗೊತ್ತಿಲ್ಲ ಕಣೋ. ನಿನ್ನೇದು ಗೊತ್ತು. ಇವತ್ತಿಂದು ನಾನು ನೋಡಿಲ್ಲ.”

ಹೌದಾರಾಯ ತಲೆಯಾಡಿಸಿದ. ‘ಹೌದಾ’ ಎನ್ನುವುದು ಅವನಿಗೆ ಮರೆತೇಹೋಗಿತ್ತು.

ಕೆಳಗೆ ಅಂಗಡಿಯ ಬಾಗಿಲು ಹಾಕಿ ಆಗಲೇ ಅರ್ಧ ಗಂಟೆಯಾಗಿತ್ತು. ಮೇಷ್ಟ್ರದೂ ಇನ್ನಿಬ್ಬರದೂ ಹೊಸ ಗಾಜು ಉಜ್ಜಿ ಮುಗಿದಿತ್ತು, ಮಾಡಬೇಕಾದ ಕನ್ನಡಕ ಯಾವುದೂ ಉಳಿದಿರಲಿಲ್ಲ. ಆದರೂ ಹಿಂದಿನ ಕೋಣೆಯಲ್ಲಿ ದೀಪ ಹತ್ತಿತು, ಅಪ್ಪನ ಯಂತ್ರ ‘ಕೊರ್ರ್’ ಎಂದು ಶುರುವಾಯಿತು. ಇಣುಕಮ್ಮನ ಕತ್ತು ಮೆಟ್ಟಿಲಿನ ಕಡೆ ಉದ್ದವಾಯಿತು. ಆದರೆ ಅವಳು ಇಣುಕಲು ಹೋಗಲಿಲ್ಲ, ಅಲ್ಲೇ ನಿಂತು ಕಾಯತೊಡಗಿದಳು.